ಹಡಪದಿಂದ ಗಾಜಿನ ಕಪಾಟಿಗೆ



ಜ್ಞಾನಭಾರತಿಯಲ್ಲಿ ನಾನು ಕ್ಷೌರಕ್ಕೆ ಹೋಗುವ ಅಂಗಡಿಯ ಒಡೆಯ ನನ್ನ ಹಳೆಯ ವಿದ್ಯಾರ್ಥಿ. ತಂದೆಯ ಕಾಲದ ಅಂಗಡಿಯನ್ನೇ ನಡೆಸಿಕೊಂಡು ಬಂದಿದ್ದಾನೆ. ಈಚೆಗೆ ಅಲ್ಲಿಗೆ ಒಂದು ಗಾಜಿನ ಕಪಾಟು ಬಂದಿದೆ. ಅದರೊಳಗೆ ಕೇಶತೈಲ, ಶಾಂಪೂ, ಗಡ್ಡದ ಎಣ್ಣೆ, ತಲೆಗೂದಲಿನ ಬಣ್ಣ. ಮೊನ್ನೆ ನನ್ನ ಕೊರಳಿನ ಬಟ್ಟೆ ಬಿಚ್ಚಿ ಕೊಡವುತ್ತಾ ಅವನು, "ಸಾರ್, ಇವನ್ನು ಹೇಗೆ ಮಾರಬೇಕೋ ತಿಳಿಯುತ್ತಿಲ್ಲ. ನಾನು ಬಾಯಿ ತೆರೆದರೆ ಗಿರಾಕಿಗಳು ಮುಖ ಗಂಟಿಕ್ಕುತ್ತಾರೆ. ಅವರೇ ಮಾಲ್‌ನ ಸಲೂನಿಗೆ ಹೋದರೆ ಕೇಳಿದಷ್ಟು ಕೊಟ್ಟು ಬಾಟಲಿ ತರುತ್ತಾರೆ" ಎಂದ. ಇತಿಹಾಸ ಬೋಧಿಸಿದ ಮೇಷ್ಟ್ರಿಗೆ ವ್ಯಾಪಾರದ ಗುಟ್ಟೇನು ಗೊತ್ತು? ಆದರೆ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆಯೆಂದು ಮನೆಗೆ ಬಂದ ಮೇಲೆ ಹೊಳೆಯಿತು.

ಕರ್ನಲ್ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಇತಿಹಾಸದ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಅದರಲ್ಲಿದೆ. ಗೌಡ, ಶಾನುಭೋಗ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸರ ಸಾಲಿನಲ್ಲಿ ಕ್ಷೌರಿಕನೂ ಇದ್ದಾನೆ. ಅವನಿಗೆ ತಲೆಗಿಷ್ಟೆಂದು ಕೂಲಿಯಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಆಯ ಸಲ್ಲುತ್ತಿತ್ತು. ಹಡಪವೆಂಬ ಅವನ ಚೀಲದಲ್ಲಿ ಕತ್ತಿ, ಕತ್ತರಿ, ಸಾಣೆಕಲ್ಲು, ಪಟಿಕದ ತುಂಡು ಇರುತ್ತಿದ್ದವು. ಕುರು ಕೊಯ್ಯುವವನೂ ಗಾಯಕ್ಕೆ ಮುಲಾಮು ಹೇಳುವವನೂ ಅವನೇ. ಎಷ್ಟೋ ಊರುಗಳಲ್ಲಿ ಅವನ ಮನೆಯಾಕೆಯೇ ಸೂಲಗಿತ್ತಿ. "ಈ ಎಣ್ಣೆ ಹಚ್ಚಿ" ಎಂದು ಅವನು ಹೇಳಿದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಏಕೆಂದರೆ ಹಾಗೆ ಹೇಳಿದ್ದಕ್ಕೆ ಕಣದಲ್ಲಿ ಅವನ ಪಾಲಿಗೆ ಒಂದು ಮೊರ ರಾಗಿಯೂ ಹೆಚ್ಚಾಗಿ ಬೀಳುತ್ತಿರಲಿಲ್ಲ.

ಅದೇ ಸಮಾಜದ ಇನ್ನೊಂದು ಮುಖವನ್ನು ಮರೆಮಾಚಬಾರದು. ಅವನ ಔಷಧವನ್ನು ನಂಬಿದ ಜನರೇ ಅವನು ಮುಟ್ಟಿದ ಮೇಲೆ ಮಡಿಗಾಗಿ ಸ್ನಾನ ಮಾಡಿದರು. ಬೆಳಗ್ಗೆ ಎದುರು ಬಂದರೆ ಅಪಶಕುನವೆಂದರು. ಅವನ ವೃತ್ತಿಯ ಹೆಸರನ್ನೇ ಬೈಗುಳವಾಗಿಸಿದರು. 12ನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣ, ಅವರಂತೆಯೇ ವಚನ ರಚಿಸಿದ ಮಡದಿ ಲಿಂಗಮ್ಮ, ಇವರ ಹೆಸರು ಹಿಡಿದು ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯ ಇಂದಿಗೂ ತಲೆಯೆತ್ತಿ ನಿಲ್ಲುತ್ತದೆ.

ನಗರ ಬೆಳೆದಂತೆ ಆಯ ಹೋಗಿ ಕಾಸು ಬಂತು, ಹಡಪ ಹೋಗಿ ಸಲೂನ್ ಬಂತು. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ತೆಗೆಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆ ಹುಟ್ಟಿತು. 1957ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. 2014ರಲ್ಲಿ ತೆರೆದ ಮೆಟ್ರೋ ನಿಲ್ದಾಣವೊಂದಕ್ಕೆ ಅದರದೇ ಹೆಸರು. ತಿಂಗಳ ಸಂಬಳದ ಕಾರ್ಮಿಕರಿದ್ದಲ್ಲಿ ಸಲೂನುಗಳೂ ಬಂದವು. ನಮ್ಮ ಬಾಲ್ಯದಲ್ಲಿ ಆ ಎದುರುಬದುರು ಕನ್ನಡಿಗಳ ಕೆಳಗಿನ ಹಲಗೆಯ ಮೇಲೆಯೇ ಪೌಡರನ್ನೂ ಬ್ರಿಲ್‌ಕ್ರೀಮನ್ನೂ ಕಂಡದ್ದು. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಆ ಕ್ರೀಮನ್ನು ಮೊದಮೊದಲು ಕೊಳ್ಳುತ್ತಿದ್ದವರೂ ಕ್ಷೌರಿಕರೇ. ಅವರು ಹಚ್ಚಿದರು; ಕನ್ನಡಿಯಲ್ಲಿ ನೋಡಿಕೊಂಡ ಗಿರಾಕಿ ತಾನಾಗಿಯೇ "ಇದೇನು?" ಎಂದು ಕೇಳಿದ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಸಿ.ಕೆ. ರಂಗನಾಥನ್ ಆರಂಭಿಸಿದ ಚಿಕ್ ಶಾಂಪೂ ಪುಟ್ಟ ಪೊಟ್ಟಣಗಳಲ್ಲಿ ಹಳ್ಳಿಹಳ್ಳಿ ಸೇರಿತು. ಮೊದಲು ಸ್ವಲ್ಪ ಬಳಸಿ ನೋಡಲಿ, ಆಮೇಲೆ ಕೊಳ್ಳಲಿ ಎಂಬುದೇ ಎರಡರ ಪಾಠ.

ಕ್ಷೌರಿಕನಿಗೆ ಈ ಮಾರಾಟವೇಕೆ ಬೇಕು? ಒಂದು ತಲೆಗೆ ಅರ್ಧ ಗಂಟೆಯೆಂದರೆ ಹತ್ತು ಗಂಟೆ ನಿಂತರೂ ಒಂದು ಕುರ್ಚಿಗೆ ಇಪ್ಪತ್ತೇ ತಲೆ. ಕೈ ನಿಂತರೆ ಗಳಿಕೆಯೂ ನಿಂತಿತು. 2020ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿದ್ದು ನಿಮಗೆ ನೆನಪಿರಬಹುದು. ಕಪಾಟಿನ ಗಳಿಕೆ ದುರಾಸೆಯಲ್ಲ, ಆಸರೆ.

ಮುಂದಿನ ಸಲ ಹೋದಾಗ ಅವನಿಗೆ ಹೇಳಿದೆ: "ನೋಡಪ್ಪಾ, ನಿಮ್ಮ ಹಿರಿಯರ ಮಾತಿಗೆ ಬೆಲೆಯಿದ್ದದ್ದು ಅದರಲ್ಲಿ ಲಾಭವಿರಲಿಲ್ಲವೆಂದು. ನಿನ್ನ ಮಾತಿನಲ್ಲಿ ಲಾಭವಿದೆ. ಆದ್ದರಿಂದ ಸತ್ಯ ಇನ್ನೂ ಹೆಚ್ಚಿರಬೇಕು. ಮೊದಲು ಬೆರಳಿಗೆ ಕಂಡದ್ದನ್ನು ಹೇಳು: ಹೊಟ್ಟಿದೆ, ನೆತ್ತಿ ಒಣಗಿದೆ. ಮನೆಯಲ್ಲಿ ಏನು ಹಚ್ಚುತ್ತೀರಿ ಎಂದು ಕೇಳು. ನೀನು ಹಚ್ಚುವಾಗ ಏನು, ಏಕೆ, ಎಷ್ಟು ಎಂದು ಒಂದೇ ಮಾತಿನಲ್ಲಿ ತಿಳಿಸು. ಬೆಲೆ ಮುಚ್ಚಿಡಬೇಡ. ಬಣ್ಣ ಕೊಳ್ಳುವವರಿಗೆ, ಮೊದಲು ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ ಎರಡು ದಿನ ನೋಡಿ ಎನ್ನು. ಬೇಡದವರಿಗೆ ಬೇಡವೆಂದೇ ಹೇಳು. ನೆತ್ತಿಯಲ್ಲಿ ಹುಣ್ಣು ಕಂಡರೆ ಬಾಟಲಿ ಕೊಡದೆ ವೈದ್ಯರ ಬಳಿಗೆ ಕಳಿಸು. ಅಷ್ಟು ಹೇಳಿ ಸುಮ್ಮನಾಗು. ಕೊಳ್ಳುವುದು ಬಿಡುವುದು ಅವರ ಇಷ್ಟ."

ಅವನು ನಕ್ಕು, "ಸಾರ್, ಹೋದ ವರ್ಷ ನಿಮ್ಮ ನೆತ್ತಿ ಒಣಗಿದೆ, ಈ ಎಣ್ಣೆ ಹಚ್ಚಿ ಎಂದಿದ್ದೆ. ನೀವು ಬೇಡ ಎಂದಿರಿ" ಎಂದ. ನನಗೆ ಮಾತು ಹೊರಡಲಿಲ್ಲ. ಅದಾದ ವಾರದಲ್ಲೇ ಮೊಮ್ಮಗಳು ಮಾಲ್‌ನಿಂದ ತಂದುಕೊಟ್ಟ ದುಬಾರಿ ಬಾಟಲಿಯನ್ನು, ಯಾರು ಹೇಳಿದರೆಂದೂ ಕೇಳದೆ ತಲೆಗೆ ಹಚ್ಚಿಕೊಂಡವನು ನಾನು! ಮೂವತ್ತು ವರ್ಷಗಳಿಂದ ನನ್ನ ತಲೆಯನ್ನು ಬಲ್ಲ ಮನೆತನದ ಮಾತಿಗಿಂತ ಗಾಜಿನ ಬಾಗಿಲು ನನಗೆ ದೊಡ್ಡದಾಗಿತ್ತು. ಹಿಂದಿನವರ ಮಡಿಯನ್ನು ತರಗತಿಯಲ್ಲಿ ಖಂಡಿಸಿದ ಮೇಷ್ಟ್ರ ಮನಸ್ಸಿನಲ್ಲಿ ಅದರ ಎಳೆಯೊಂದು ಉಳಿದೇ ಇತ್ತು.

"ಈಗ ಹೇಳು, ನನಗೆ ಯಾವುದು ಬೇಕು?" ಎಂದೆ. ಅವನು ನೆತ್ತಿ ಮುಟ್ಟಿ ನೋಡಿ, ಕಪಾಟಿನಿಂದ ಎಲ್ಲಕ್ಕಿಂತ ಚಿಕ್ಕ ಬಾಟಲಿ ತೆಗೆದ. "ಇದು ಮುಗಿಯಲಿ ಸಾರ್, ಹಿಡಿಸಿದರೆ ಆಮೇಲೆ ದೊಡ್ಡದು" ಎಂದ. ನಾನು ಹೇಳಿದ ಪಾಠ ಅವನಿಗೆ ಮೊದಲೇ ಗೊತ್ತಿತ್ತು. ಕಲಿಯಬೇಕಾದವರು ಕುರ್ಚಿಯಲ್ಲಿ ಕುಳಿತ ನಾವು.