ಬಾಬಿನ್ ಸ್ಪ್ರಿಂಗು: ಒಂದು ಚಾರಿತ್ರಿಕ ಟಿಪ್ಪಣಿ

ಹೊಲಿಗೆ ಯಂತ್ರದ ಚರಿತ್ರೆಕಾರರು ಹೋವ್ ಮತ್ತು ಸಿಂಗರರ ಪೇಟೆಂಟುಗಳನ್ನು ವಿಸ್ತಾರವಾಗಿ ವರ್ಣಿಸುವರು. ಠಾಣೆ-ಕಲ್ಯಾಣ ಸೀಮೆಯ ದರ್ಜಿಗಳು ದಿನವೂ ಕೈಯಾಡಿಸುವ ಬಾಬಿನ್ ಕೇಸಿನ ಎಲೆಯಂಥ ಸ್ಪ್ರಿಂಗಿಗೆ ಒಂದು ವಾಕ್ಯವನ್ನು ಮೀಸಲಿಡುವುದೂ ವಿರಳ. ಹೊಲಿಗೆಯ ಗುಣವಾದರೋ ಬಹುಮಟ್ಟಿಗೆ ಅದನ್ನೇ ಆಶ್ರಯಿಸಿದೆ.

1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟು ಪಡೆದ ಯಂತ್ರದಲ್ಲಿ ಕೆಳದಾರವನ್ನು ಒಯ್ಯುತ್ತಿದ್ದುದು ನೇಕಾರರ ಲಾಳಿಯಂಥ ಸಾಧನ. ಅನಂತರದ ಹಲವು ಲಾಳಿಗಳಲ್ಲಿ ದಾರವನ್ನು ಸಾಲುರಂಧ್ರಗಳಲ್ಲಿ ಪೋಣಿಸಬೇಕಾಗಿತ್ತು. ಬಿಗಿ ಹೆಚ್ಚಬೇಕಾದರೆ ಇನ್ನೊಂದು ರಂಧ್ರ, ಕಡಮೆಯಾಗಬೇಕಾದರೆ ಒಂದನ್ನು ಬಿಡುವುದು. ಬಟ್ಟೆ ಬದಲಾದಾಗಲೆಲ್ಲ ಇದೇ ತಾಪತ್ರಯ! ತಿರುಪುಳ್ಳ ಸ್ಪ್ರಿಂಗು ಬಂದ ಮೇಲೆ ಅಷ್ಟೂ ಕೆಲಸ ತಿರುಪಿನ ಕಾಲು ಸುತ್ತಿಗೆ ಇಳಿಯಿತು. 1852ರ ಹೊತ್ತಿಗೆ ಅಲನ್ ವಿಲ್ಸನ್ನನು ಸುತ್ತುವ ಕೊಕ್ಕೆಯನ್ನೂ ನಿಂತಲ್ಲೇ ಇರುವ ಬಾಬಿನ್ನನ್ನೂ ರೂಪಿಸಿದ್ದನು. ವೇಗ ಏರಿತು, ಏರಿದಂತೆ ಹೊಸ ತೊಡಕೂ ಬಂದಿತು. ಯಂತ್ರ ಥಟ್ಟನೆ ನಿಂತರೂ ಬಾಬಿನ್ ಉರುಳುತ್ತಲೇ ಇದ್ದು ದಾರ ಗೋಜಲಾಗುವುದು. ಇದನ್ನು ತಡೆಯಲೆಂದೇ ಕಾರ್ಖಾನೆಯ ವೇಗಯಂತ್ರಗಳಲ್ಲಿ ಕೇಸಿನ ಒಳತಳಕ್ಕೆ ಎರಡನೆಯ ಸ್ಪ್ರಿಂಗು ಸೇರಿತು.

ಇದರ ಬೆಲೆಯನ್ನು ತಿಳಿಯಲು ನೆರೆಯ ಉಲ್ಲಾಸನಗರಕ್ಕೆ ಹೋಗಬೇಕು. ದೇಶವಿಭಜನೆಯ ತರುವಾಯ ಸಿಂಧಿ ನಿರಾಶ್ರಿತರು ನೆಲಸಿದ ಕಲ್ಯಾಣದ ಸೈನ್ಯಶಿಬಿರ 1949ರಲ್ಲಿ ಆ ಹೆಸರು ಪಡೆದು, ಮುಂದೆ ಜೀನ್ಸ್ ಉಡುಪಿಗೆ ಹೆಸರಾಯಿತು. ಜೀನ್ಸಿನ ದಪ್ಪ ದಾರಕ್ಕೆ ಸಡಿಲಿಸಿದ ಸ್ಪ್ರಿಂಗು ಅಂಗಿಯ ತೆಳುದಾರವನ್ನು ಹಿಡಿಯದು. ಕೆಳದಾರ ಬಟ್ಟೆಯ ಮೇಲ್ಮುಖಕ್ಕೆ ಎದ್ದು ಕಾಣುವುದು. ತುಂಡುಲೆಕ್ಕದ ಕೂಲಿಯವನಿಗೆ ಬಿಚ್ಚಿ ಮತ್ತೆ ಹೊಲಿದ ಹೊತ್ತಿಗೆ ಕೂಲಿಯಿಲ್ಲ. ಆದುದರಿಂದಲೇ ಅನುಭವಿಗಳು ಬೇರೆ ಬೇರೆ ಬಿಗಿಗೆ ಹೊಂದಿಸಿದ ಎರಡು ಕೇಸುಗಳನ್ನು ಯಂತ್ರದ ಬಳಿ ಇಟ್ಟುಕೊಳ್ಳುವರು.