ಐತಿಹಾಸಿಕ ಮತ್ತು ಚರಿತ್ರಾರ್ಹ

ಗತಕಾಲವನ್ನು ಕುರಿತ ಇಂಗ್ಲಿಷ್ ವಿಶೇಷಣಗಳಲ್ಲಿ ‘ಹಿಸ್ಟಾರಿಕಲ್’ ಮತ್ತು ‘ಹಿಸ್ಟಾರಿಕ್’ ಎಂಬೆರಡು ಒಂದೇ ಮೂಲದವಾದರೂ, ಮೊದಲನೆಯದು ಹಿಂದಿನ ಕಾಲಕ್ಕೆ ಅಥವಾ ಅದರ ಅಧ್ಯಯನಕ್ಕೆ ಸಂಬಂಧಿಸಿದ ಯಾವುದಕ್ಕೂ ಸಲ್ಲುತ್ತದೆ. ಎರಡನೆಯದು ಮುಂದಿನವರು ಮರೆಯಬಾರದ, ಕಾಲದ ಗತಿಯನ್ನು ತಿರುಗಿಸಿದ ಸಂಗತಿಗೆ ಮೀಸಲು. ಕನ್ನಡದ ಪತ್ರಿಕೆಗಳೂ ವೇದಿಕೆಗಳೂ ಎರಡಕ್ಕೂ ‘ಐತಿಹಾಸಿಕ’ ಎಂದೇ ಹೇಳುವುದರಿಂದ, ಹಳೆಯ ಕೋಟೆಯೂ ನಿನ್ನೆಯ ಚುನಾವಣೆಯ ಗೆಲುವೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಈ ಭೇದಕ್ಕೆ ಅಂಕೋಲೆಯ ಉಪ್ಪು ಒಳ್ಳೆಯ ನಿದರ್ಶನ. 1930ರ ಏಪ್ರಿಲ್ 13ರಂದು, ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರಕ್ಕೆ, ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದದ್ದು ಚರಿತ್ರಾರ್ಹ ಘಟನೆ; ಆ ತಾಲೂಕಿನ ರೈತರು ಮುಂದೆ ಜಮೀನು ಕಳೆದುಕೊಳ್ಳಲೂ ಸಿದ್ಧರಾಗಿ ಕರನಿರಾಕರಣೆಗೆ ಇಳಿದದ್ದು ಅದರ ಹಿರಿಮೆಯನ್ನು ಹೆಚ್ಚಿಸಿತು. ಆದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ, ಅಂದರೆ ಕಡಲ ನೀರನ್ನು ಕಟ್ಟಿ ಬಿಸಿಲಿಗೆ ಉಪ್ಪಾಗಿಸುವ ಗದ್ದೆಗಳಲ್ಲಿ, ಅದೇ ಕಾಲದಲ್ಲಿ ನಡೆಯುತ್ತಿದ್ದ ದಿನನಿತ್ಯದ ದುಡಿಮೆಯನ್ನು ಚರಿತ್ರಾರ್ಹವೆನ್ನಲಾಗದು; ಅದರ ಲೆಕ್ಕಪತ್ರವೊಂದು ಸಂಶೋಧಕನ ಕೈಗೆ ಸಿಕ್ಕರೆ, ಅದು ಐತಿಹಾಸಿಕ ಆಧಾರ.

ಒಂದು ಸಂಗತಿ ಯಾವ ಪಂಗಡಕ್ಕೆ ಸೇರುವುದೆಂಬುದು ಕೆಲವೊಮ್ಮೆ ತಡವಾಗಿ ತೀರ್ಮಾನವಾಗುತ್ತದೆ. 1883ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆಂದು ಕಾರವಾರಕ್ಕೆ ಬಂದ ತರುಣ ರವೀಂದ್ರನಾಥ ಠಾಕೂರರ ವಾಸ ಆಗ ಒಂದು ಮನೆಮಂದಿಯ ವಿಷಯವಷ್ಟೇ ಆಗಿತ್ತು. ಅಲ್ಲಿ ಹುಟ್ಟಿದ ‘ಪ್ರಕೃತಿರ್ ಪ್ರತಿಶೋಧ್’ ನಾಟಕವೂ ಕವಿಯ ಮುಂದಿನ ಕೀರ್ತಿಯೂ ಅದಕ್ಕೆ ತೂಕ ತಂದುದರಿಂದಲೇ ಕಡಲತೀರಕ್ಕೆ ಇಂದು ಅವರ ಹೆಸರಿದೆ. ಇದಕ್ಕೆ ಪ್ರತಿಯಾಗಿ, 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಅಂಕೋಲೆ, ಕಾರವಾರಗಳಿರುವ ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನದ ಮಹತ್ವ ಅಂದೇ ಎಲ್ಲರಿಗೂ ತಿಳಿದಿತ್ತು.

ಪದವಿಲ್ಲದೆ ಈ ಗೊಂದಲ ಬಂದದ್ದಲ್ಲ. ಚರಿತ್ರೆಯಲ್ಲಿ ಸ್ಥಾನ ಪಡೆಯಲು ಅರ್ಹವಾದುದೆಂಬ ಅರ್ಥದ ‘ಚರಿತ್ರಾರ್ಹ’ ಕನ್ನಡದಲ್ಲಿ ಇದ್ದೇ ಇದೆ. ‘ಐತಿಹಾಸಿಕ ಕಾದಂಬರಿ’ ಎಂಬಲ್ಲಿ ಅದನ್ನಿಟ್ಟರೆ ಅರ್ಥವೇ ಬೇರೆಯಾಗುವುದರಿಂದ ಎರಡರ ಅಂತರ ತಾನಾಗಿ ತಿಳಿಯುತ್ತದೆ. ಹಳೆಯದೆಲ್ಲಕ್ಕೂ ‘ಐತಿಹಾಸಿಕ’ವನ್ನು ಬಿಟ್ಟುಕೊಟ್ಟು, ಅಂಕೋಲೆಯ ಸತ್ಯಾಗ್ರಹದಂಥ ಘಟನೆಗಳಿಗೆ ‘ಚರಿತ್ರಾರ್ಹ’ವನ್ನು ಕಾಯ್ದಿಡುವುದು ಬರೆಯುವವರ ಹೊಣೆ.