ಅಜೈಲ್ ತಂತ್ರಾಂಶ ಅಭಿವೃದ್ಧಿ

ಅಜೈಲ್ ತಂತ್ರಾಂಶ ಅಭಿವೃದ್ಧಿಯು ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ ರೂಪಿಸಿ, ಬಳಕೆದಾರರ ಅಭಿಪ್ರಾಯಕ್ಕೆ ಅನುಗುಣವಾಗಿ ಆಗಿಂದಾಗ್ಗೆ ತಿದ್ದಿಕೊಳ್ಳುವ ಕಾರ್ಯವಿಧಾನಗಳ ಸಮೂಹವಾಗಿದೆ. ಸ್ಕ್ರಮ್ ಮತ್ತು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಇದರ ಪ್ರಮುಖ ಪ್ರಕಾರಗಳು.

ಇತಿಹಾಸ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ತಜ್ಞರು ಇದರ ಪ್ರಣಾಳಿಕೆಯನ್ನು ರಚಿಸಿದರು. ಅದರಲ್ಲಿ 4 ಮೌಲ್ಯಗಳಿದ್ದು, 12 ತತ್ತ್ವಗಳು ಅವುಗಳಿಗೆ ಪೂರಕವಾಗಿವೆ. ಮುಖಾಮುಖಿ ಸಂಭಾಷಣೆಯೇ ಮಾಹಿತಿ ವಿನಿಮಯದ ಅತ್ಯಂತ ಪರಿಣಾಮಕಾರಿ ಮಾರ್ಗವೆಂಬುದು ಆ ತತ್ತ್ವಗಳಲ್ಲೊಂದು.

ಬೆಂಗಳೂರಿನಲ್ಲಿ

ಗ್ರಾಹಕರು ಅಮೆರಿಕ, ಯುರೋಪುಗಳಲ್ಲಿದ್ದು ತಂತ್ರಾಂಶವು ಬೆಂಗಳೂರಿನಲ್ಲಿ ಸಿದ್ಧವಾಗುವಾಗ ಈ ತತ್ತ್ವದ ಪಾಲನೆ ಕಷ್ಟಸಾಧ್ಯ. ಪ್ರಣಾಳಿಕೆಯ ಕರ್ತೃಗಳಲ್ಲೊಬ್ಬರಾದ ಮಾರ್ಟಿನ್ ಫೌಲರ್, ಥಾಟ್‌ವರ್ಕ್ಸ್ ಸಂಸ್ಥೆಯ ಬೆಂಗಳೂರು ಕಚೇರಿಯ ಅನುಭವವನ್ನು ಆಧರಿಸಿ ಈ ಕುರಿತು ಲೇಖನ ಬರೆದಿದ್ದಾರೆ. ಒಂದು ಕಡೆಯವರು ಇನ್ನೊಂದು ಕಡೆಯಲ್ಲಿ ಕೆಲವು ತಿಂಗಳು ‘ರಾಯಭಾರಿ’ಗಳಾಗಿ ನೆಲೆಸುವುದು, ಎಲ್ಲರೂ ಬರೆದ ಕೋಡ್‌ಅನ್ನು ನಿರಂತರವಾಗಿ ಒಗ್ಗೂಡಿಸಿ ಪರೀಕ್ಷಿಸುವುದು ಅದರಲ್ಲಿ ಸೂಚಿತವಾದ ಪರಿಹಾರಗಳು.